ಇಪ್ಪತ್ತು ಮಾರ್ಕಿನ ನೋಟಿನಿಂದ ಶುರು: ನ್ಯೂರೆಂಬರ್ಗಿನ ಒಂದು ಹಳೇ ಮನೆತನದ ಚರಿತ್ರೆ ಓದುವುದು ಹೇಗೆ

ಜರ್ಮನಿಯ ನ್ಯೂರೆಂಬರ್ಗಿನ ಪಕ್ಕದೂರು ಫ್ಯೂರ್ತ್‌ನಲ್ಲಿ ನಾನು ಬಾಡಿಗೆಗಿದ್ದ ಮನೆಯ ಒಡತಿ ವಯಸ್ಸಾದ ಅಜ್ಜಿ. ಒಂದು ದಿನ ಕಪಾಟು ಖಾಲಿ ಮಾಡುವಾಗ ಯಾವುದೋ ಅಡುಗೆ ಪುಸ್ತಕದ ನಡುವಿನಿಂದ ಹಸಿರು ಬಣ್ಣದ ನೋಟೊಂದು ಬಿತ್ತು. 20 ಡಾಯ್ಚ್ ಮಾರ್ಕ್. "ಇಟ್ಕೊಳ್ಳಿ, ಬಾಡಿಗೆಯಲ್ಲಿ ಹಿಡಿಯೋಲ್ಲ" ಎಂದು ನಕ್ಕರು. ಜರ್ಮನಿಯ ಕೇಂದ್ರ ಬ್ಯಾಂಕು ಹಳೇ ಮಾರ್ಕನ್ನು ಈಗಲೂ ಬದಲಾಯಿಸಿ ಕೊಡುತ್ತದೆ. 20 ಮಾರ್ಕಿಗೆ 10 ಯೂರೋ 23 ಸೆಂಟ್. ನಾನು ಕೊಡಲಿಲ್ಲ. ನೋಟಿನ ಮೇಲಿದ್ದ ಹೆಂಗಸಿನ ಮುಖ ಬಿಡಲಿಲ್ಲ.

ಆಕೆ ಎಲ್ಸ್‌ಬೆಟ್ ಟೂಖರ್. ಚಿತ್ರ ಬರೆದವನು ನ್ಯೂರೆಂಬರ್ಗಿನ ಹೆಸರಾಂತ ಚಿತ್ರಕಾರ ಆಲ್ಬ್ರೆಕ್ಟ್ ಡ್ಯೂರರ್, 1499ರಲ್ಲಿ. ಆಮೇಲಿನ ಮೂರು ವರ್ಷ ನನ್ನ ಬಹುಪಾಲು ಶನಿವಾರಗಳು ಈ ಟೂಖರ್ ಮನೆತನದ ಹಿಂದೆಯೇ ಹೋದವು. ನಾನು ಇತಿಹಾಸ ಓದಿದವನಲ್ಲ, ಸಾಫ್ಟ್‌ವೇರ್ ಪರೀಕ್ಷಿಸುವವನು. ತಪ್ಪು ಹುಡುಕುವುದೇ ನನ್ನ ಹೊಟ್ಟೆಪಾಡು. ಆ ಅಭ್ಯಾಸ ಇಲ್ಲಿ ಚೆನ್ನಾಗಿ ಕೆಲಸಕ್ಕೆ ಬಂತು. ಇಂಥ ಮನೆತನದ ಚರಿತ್ರೆ ಓದಬೇಕು ಅನ್ನುವವರಿಗೆ ನಾನು ಕಲಿತ ದಾರಿಯನ್ನು ಬರೆಯುತ್ತಿದ್ದೇನೆ. ಉದಾಹರಣೆ ಟೂಖರ್‌ರದ್ದು. ಇಮ್‌ಹೋಫ್, ಹಾಲರ್, ಬೆಹೈಮ್, ಹೋಲ್ಟ್ಸ್‌ಶೂಹರ್ ಯಾರನ್ನು ಹಿಡಿದರೂ ದಾರಿ ಹೆಚ್ಚುಕಮ್ಮಿ ಇದೇ.

ವಂಶವೃಕ್ಷವನ್ನು ಪಕ್ಕಕ್ಕಿಡಿ

ಎಲ್ಲರೂ ಮಾಡುವ ಮೊದಲ ತಪ್ಪು ವಂಶವೃಕ್ಷದಿಂದ ಶುರು ಮಾಡುವುದು. ನಾನೂ ಮಾಡಿದೆ. ಹತ್ತು ನಿಮಿಷದಲ್ಲಿ ತಲೆ ಕೆಟ್ಟಿತು. ಎಲ್ಲಿ ನೋಡಿದರೂ ಹಾನ್ಸ್, ಆಂಟೋನ್, ಎಂಡ್ರೆಸ್. ಹಾನ್ಸ್‌ಗಳು ಎಷ್ಟೆಂದರೆ ಅವರಿಗೆ ರಾಜರಂತೆ ನಂಬರು ಕೊಟ್ಟಿದ್ದಾರೆ: 6ನೇ ಹಾನ್ಸ್, 11ನೇ ಹಾನ್ಸ್. ಅವರು ರಾಜರೇನಲ್ಲ. ಗುರುತಿಗೆ ಬೇಕಾಗಿ ಹಾಕಿದ ನಂಬರು ಅಷ್ಟೇ.

ವಂಶವೃಕ್ಷದ ಬದಲು ಒಂದು ವಸ್ತು ಹಿಡಿದುಕೊಳ್ಳಿ. ಚಿತ್ರ, ಕಟ್ಟಡ, ಗೋರಿಯ ಫಲಕ, ಲೆಕ್ಕದ ಪುಸ್ತಕ, ಏನಾದರೂ ಸರಿ. ಅದಕ್ಕೆ ಎರಡು ಪ್ರಶ್ನೆ ಕೇಳಿ. ದುಡ್ಡು ಕೊಟ್ಟವರು ಯಾರು? ಯಾರು ನೋಡಲಿ ಅಂತ ಮಾಡಿಸಿದರು?

ಎಲ್ಸ್‌ಬೆಟ್ ಚಿತ್ರವನ್ನೇ ತೆಗೆದುಕೊಳ್ಳಿ. ಮೂಲ ಚಿತ್ರ ಕಾಸೆಲ್ ನಗರದಲ್ಲಿದೆ. ಕೈಯಲ್ಲಿ ಉಂಗುರ ಹಿಡಿದಿದ್ದಾಳೆ. ಮೇಲೆ ಹೆಸರು, 26 ವರ್ಷ, 1499 ಎಂದು ಬರೆದಿದೆ. ಹೆಸರು ಬರೆದಿರುವ ರೀತಿ ನೋಡಿ: "ಎಲ್ಸ್‌ಪೆಟ್ ನಿಕ್ಲಾಸ್ ಟೂಖರಿನ್". ನಿಕ್ಲಾಸ್ ಗಂಡನ ಹೆಸರು. ಕೊನೆಯ "ಇನ್" ಹೆಂಗಸು ಅನ್ನುವುದಕ್ಕೆ ಹಚ್ಚಿದ್ದು. ಹಳೇ ದಾಖಲೆಯಲ್ಲಿ ಟೂಖರಿನ್, ಇಮ್‌ಹೋಫಿನ್ ಎಂದು ಕಂಡರೆ ಬೇರೆ ಮನೆತನ ಅಂದುಕೊಳ್ಳಬೇಡಿ. ಗಂಡನ ಚಿತ್ರವೂ ಜೋಡಿಯಾಗಿ ಇತ್ತು. ಅದು ಕಳೆದುಹೋಗಿದೆ. ಉಂಗುರ ಹಿಡಿದು ಆಕೆ ನೋಡುತ್ತಿರುವ ಕಡೆ ಈಗ ಯಾರೂ ಇಲ್ಲ.

ಅದೇ ವರ್ಷ ಡ್ಯೂರರ್ ಇನ್ನೊಂದು ಜೋಡಿಯನ್ನೂ ಬರೆದ. 11ನೇ ಹಾನ್ಸ್ ಟೂಖರ್ ಮತ್ತು ಹೆಂಡತಿ ಫೆಲಿಸಿಟಾಸ್. ಈ ಎರಡು ಚಿತ್ರ ಜರ್ಮನಿಯ ವೈಮಾರ್ ಊರಿನ ಕಲಾಸಂಗ್ರಹದ್ದು. 1945ರಲ್ಲಿ ಯುದ್ಧದ ಗಲಾಟೆಯಲ್ಲಿ, ಜೋಪಾನಕ್ಕೆಂದು ಇಟ್ಟಿದ್ದ ಕೋಟೆಯಿಂದ ಮಾಯವಾದವು. ಮರುವರ್ಷ ಬ್ರೂಕ್ಲಿನ್ನಿನ ವಕೀಲರೊಬ್ಬರು ಸೈನ್ಯದಿಂದ ವಾಪಸಾದ ಹುಡುಗನೊಬ್ಬನಿಂದ 450 ಡಾಲರಿಗೆ ಎರಡನ್ನೂ ಕೊಂಡರು. ಡ್ಯೂರರ್ ಅಂತ ಅವರಿಗೂ ಗೊತ್ತಿರಲಿಲ್ಲ. ಇಪ್ಪತ್ತು ವರ್ಷ ಗೋಡೆಯ ಮೇಲಿದ್ದವು! ಆಮೇಲೆ ವಿಷಯ ಹೊರಬಿದ್ದು, ಅಮೆರಿಕದ ಕೋರ್ಟುಗಳಲ್ಲಿ ವರ್ಷಗಟ್ಟಲೆ ಕೇಸು ನಡೆದು, 1982ರಲ್ಲಿ ವೈಮಾರ್ ಪರ ತೀರ್ಪು ಉಳಿಯಿತು. ಒಂದು ವಸ್ತು ಹಿಡಿದರೆ ಹೀಗೆ ಕತೆ ತಾನೇ ಬಿಚ್ಚಿಕೊಳ್ಳುತ್ತದೆ. ವಂಶವೃಕ್ಷದಲ್ಲಿ ಇದೆಲ್ಲ ಎಲ್ಲಿರುತ್ತೆ?

"ಪ್ಯಾಟ್ರಿಶಿಯನ್" ಅಂದರೆ ಏನು, ಅದನ್ನು ಮೊದಲು ಬಿಡಿಸಿಕೊಳ್ಳಿ

ಇದು ಅರ್ಥವಾಗದಿದ್ದರೆ ಮುಂದಿನದ್ದೆಲ್ಲ ಗೋಜಲು. ಟೂಖ್ ಅಂದರೆ ಬಟ್ಟೆ. ಹೆಸರೇ ಹೇಳುವಂತೆ ಬಟ್ಟೆ ವ್ಯಾಪಾರದ ನಂಟು. ಇವರು ಕೋಟೆ ಕಟ್ಟಿಕೊಂಡು ಹುಟ್ಟಿದ ಸರದಾರರಲ್ಲ. ವ್ಯಾಪಾರ ಮಾಡಿ, ನಗರದ ಆಡಳಿತ ಕೈಗೆ ತೆಗೆದುಕೊಂಡು, ಆ ಕುರ್ಚಿಯನ್ನು ಮಕ್ಕಳು ಮೊಮ್ಮಕ್ಕಳಿಗೆ ಉಳಿಸಿಕೊಂಡವರು. ಇಂಥ ಮನೆತನದವರೇ ಪ್ಯಾಟ್ರಿಶಿಯನ್ನರು. ನ್ಯೂರೆಂಬರ್ಗ್ ಆಗ ಚಕ್ರವರ್ತಿಗೆ ಮಾತ್ರ ತಲೆಬಾಗುವ ಸ್ವತಂತ್ರ ನಗರ. ಆದ್ದರಿಂದ ಆ ಕುರ್ಚಿಗೆ ಬೆಲೆ ಜಾಸ್ತಿ.

ಕುರ್ಚಿಗಳ ಲೆಕ್ಕ ಸರಳವಾಗಿದೆ. ಒಳಸಭೆಯಲ್ಲಿ 42 ಜನ. 26 ಮಂದಿ ಮೇಯರುಗಳು, 8 ಮಂದಿ ಹಿರಿಯ ಸದಸ್ಯರು. ಈ 34 ಕುರ್ಚಿ ಹಳೇ ಮನೆತನಗಳಿಗೆ. ಉಳಿದ 8 ಕಸುಬುದಾರರಿಗೆ. ಅವರ ಮಾತು ನಡೆದದ್ದು ಕಡಿಮೆ. ಮೇಯರುಗಳು ಹಿರಿಯ ಒಬ್ಬ, ಕಿರಿಯ ಒಬ್ಬ ಸೇರಿ 13 ಜೋಡಿ. ಒಂದೊಂದು ಜೋಡಿ ನಾಲ್ಕು ವಾರ ಆಳಬೇಕು. 13 ನಾಲ್ಕಲ 52, ವರ್ಷ ಮುಗಿಯಿತು. ಎಲ್ಲರಿಗಿಂತ ಮೇಲೆ ಖಜಾನೆ ನೋಡಿಕೊಳ್ಳುವ ಲೋಸುಂಗರ್. ನಿಮ್ಮ ಮನೆತನದವನ ಹೆಸರಿನ ಮುಂದೆ ಈ ಪದ ಕಂಡರೆ ಆತ ಊರಿನ ತುತ್ತತುದಿಯಲ್ಲಿದ್ದ ಅಂತ ತಿಳಿಯಿರಿ.

ಇನ್ನೊಂದು ಮಜಾ ಇದೆ. ಯಾರು ಒಳಗಿನವರು, ಯಾರು ಹೊರಗಿನವರು ಅನ್ನುವುದು 1521ರಲ್ಲಿ ಕಾಗದದ ಮೇಲೆ ಬಂತು. ಯಾವುದರ ಕಾಗದ ಗೊತ್ತಾ? ನೃತ್ಯದ್ದು. ನಗರಸಭೆಯ ಕಟ್ಟಡದಲ್ಲಿ ನಡೆಯುವ ನೃತ್ಯಕ್ಕೆ ಯಾವ ಯಾವ ಮನೆತನದವರು ಬರಬಹುದು ಅನ್ನುವ ಪಟ್ಟಿ. ಕುಣಿಯಲು ಬಂದವರೊಳಗೇ ಗಂಡು ಹೆಣ್ಣು ನೋಡುವುದು, ಮದುವೆ. ಬಾಗಿಲು ಹಾಕುವುದಕ್ಕೆ ಇದಕ್ಕಿಂತ ಮರ್ಯಾದಸ್ಥ ಉಪಾಯ ಬೇಕಾ? ನೀವು ಹಿಡಿದ ಮನೆತನ ಆ ಪಟ್ಟಿಯಲ್ಲಿದೆಯೇ, ಇದ್ದರೆ "ಹಳಬರ" ಸಾಲಿನಲ್ಲೋ ಆಮೇಲೆ ಸೇರಿದವರ ಸಾಲಿನಲ್ಲೋ, ಮೊದಲು ನೋಡಿ. ಟೂಖರ್ ಹಳಬರ ಸಾಲಿನವರು.

ಹಳ್ಳಿಗಾಡಿನ ಸರದಾರರು ಮಾತ್ರ ಇವರನ್ನು ಸಮಾನರೆಂದು ಒಪ್ಪಲಿಲ್ಲ. "ಇವರು ವ್ಯಾಪಾರಿಗಳು" ಅನ್ನುವ ಮೂದಲಿಕೆ. ಅದಕ್ಕೇ ಕಾಲ ಕಳೆದಂತೆ ಈ ಮನೆತನಗಳು ಅಂಗಡಿ ವ್ಯವಹಾರ ಬಿಟ್ಟು ಜಮೀನು, ಹಳ್ಳಿಯ ಬಂಗಲೆ ಕೊಳ್ಳತೊಡಗಿದವು. ಟೂಖರ್‌ರು 1598ರಲ್ಲಿ ಸಿಮ್ಮೆಲ್ಸ್‌ಡೋರ್ಫ್ ತೆಗೆದುಕೊಂಡರು. "ಟೂಖರ್ ಫೋನ್ ಸಿಮ್ಮೆಲ್ಸ್‌ಡೋರ್ಫ್" ಅನ್ನುವ ಉದ್ದ ಹೆಸರಿನ ಬಾಲ ಅಲ್ಲಿಂದ ಬಂದದ್ದು. "ಫೋನ್" ಅಂದರೆ ಜರ್ಮನ್ನಿನಲ್ಲಿ "ಇಂಥ ಊರಿನ" ಅಂತ. 1806ರಲ್ಲಿ ನಗರದ ಸ್ವಾತಂತ್ರ್ಯ ಹೋಗಿ ಬವೇರಿಯಾಕ್ಕೆ ಸೇರಿತು. ಬವೇರಿಯಾ ತನ್ನ ಶ್ರೀಮಂತ ವರ್ಗದವರ ಪಟ್ಟಿ ಮಾಡತೊಡಗಿದಾಗ ಇವರಿಗೆ ಫ್ರೈಹೆರ್, ಅಂದರೆ ಬ್ಯಾರನ್, ಪದವಿ ಸಿಕ್ಕಿತು. 1919ರ ಸಂವಿಧಾನ ಪದವಿಯ ಹಕ್ಕುಗಳನ್ನೆಲ್ಲ ತೆಗೆದು, ಬಿರುದನ್ನು ಬರೀ ಹೆಸರಿನ ಭಾಗ ಮಾಡಿತು. ಹುಡುಕುವವರಿಗೆ ಸಣ್ಣ ಸೂಚನೆ: ಸೂಚಿಯಲ್ಲಿ "ಫೋನ್" ಅಡಿಯಲ್ಲಿ ನೋಡಬೇಡಿ, ಟೂಖರ್ ಅಡಿಯಲ್ಲೇ ನೋಡಿ. ಕಾಗುಣಿತವೂ ಒಂದೇ ಇರುವುದಿಲ್ಲ. "ಟ" ಇದ್ದಲ್ಲಿ "ಡ", "ಬ" ಇದ್ದಲ್ಲಿ "ಪ" ಬರುತ್ತದೆ. ಬೆಹೈಮ್ ಅನ್ನು ಪೆಹೈಮ್ ಅಂತಲೂ ಬರೆದಿದ್ದಾರೆ.

ಒಬ್ಬರಿಗೆ ಒಂದು ಪುಟ, ಮೇಲೆ ಹೆಂಡತಿಯ ಹೆಸರು

ಒಂದು ದಪ್ಪ ನೋಟ್‌ಬುಕ್ ತನ್ನಿ. ಕಂಪ್ಯೂಟರ್ ಬೇಡ ಅನ್ನುವುದಿಲ್ಲ, ಆದರೆ ಚರ್ಚಿನೊಳಗೆ ನಿಂತು ಬರೆಯಲು ಪುಸ್ತಕವೇ ಸುಲಭ. ಒಬ್ಬರಿಗೆ ಒಂದು ಪುಟ. ಮೇಲ್ಗಡೆ ಮೊದಲು ಹೆಂಡತಿಯ ಹೆಸರು, ಆಕೆಯ ತವರು. ಗಂಡಸರ ಹೆಸರು ತಿರುಗಿ ತಿರುಗಿ ಅದೇ ಬರುತ್ತದೆ, ಹೆಂಡತಿ ತವರು ಬೇರೆಯಾಗುತ್ತದೆ. ಗುರುತು ಹಿಡಿಯಲು ಅದೇ ಗಟ್ಟಿ ಗೂಟ. ಆಮೇಲೆ ಹುಟ್ಟು, ಸಾವು, ಅಪ್ಪ, ಹುದ್ದೆ, ಮನೆ ಎಲ್ಲಿತ್ತು.

ಇದನ್ನು ನಾನು ಪೆಟ್ಟು ತಿಂದು ಕಲಿತೆ. ಮೊದಲ ಕೆಲವು ತಿಂಗಳು ನನ್ನ ಪುಸ್ತಕದಲ್ಲಿ ಲೊರೆಂಜ್ ಟೂಖರ್ ಅನ್ನುವ ಒಬ್ಬನೇ ಮನುಷ್ಯ ಇದ್ದ. ಆತ ಪಾದ್ರಿಯಾಗಿದ್ದ, ಮನೆತನದ ದತ್ತಿನಿಧಿಗೆ ಬುನಾದಿ ಹಾಕಿದ, 1503ರಲ್ಲಿ ಸತ್ತ. ಸತ್ತು ಮೂವತ್ತು ವರ್ಷದ ಮೇಲೆ ಹಿರ್ಷೆಲ್‌ಗಾಸೆ ಬೀದಿಯಲ್ಲಿ ಭರ್ಜರಿ ಬಂಗಲೆಯನ್ನೂ ಕಟ್ಟಿಸಿದ! ಪಾದ್ರಿಗೆ ಹೆಂಡತಿ ಎಲ್ಲಿಂದ ಬಂದಳು ಅಂತ ಒಂದು ದಿನ ಪುಟ ನೋಡುತ್ತಾ ಕೂತಾಗ ಹೊಳೆಯಿತು. ಇವರು ಇಬ್ಬರು. ಡಾಕ್ಟರ್ ಲೊರೆಂಜ್, 1447ರಿಂದ 1503, ಸೇಂಟ್ ಲೊರೆಂಜ್ ಚರ್ಚಿನ ಮುಖ್ಯಸ್ಥನಾಗಿದ್ದವನು. ಇನ್ನೊಬ್ಬ ಲೊರೆಂಜ್, 1490ರಿಂದ 1554, ಬಂಗಲೆಯವನು. ನನ್ನ ಕೆಲಸದಲ್ಲಿ ಇಂಥ ತಪ್ಪು ಬೇರೆ ಯಾರಾದರೂ ಮಾಡಿದ್ದರೆ ನಾನು ಸುಮ್ನೆ ಬಿಡುತ್ತಿರಲಿಲ್ಲ.

ತವರು ಬರೆದಿಟ್ಟರೆ ಇನ್ನೊಂದು ಲಾಭ. ಫೆಲಿಸಿಟಾಸ್ ರೀಟರ್ ಮನೆತನದ ಹುಡುಗಿ. 1479ರಲ್ಲಿ 6ನೇ ಹಾನ್ಸ್ ಟೂಖರ್ ಜೆರೂಸಲೇಮಿಗೆ ಯಾತ್ರೆ ಹೋದಾಗ ಜೊತೆಗಿದ್ದವನು ಜೆಬಾಲ್ಡ್ ರೀಟರ್. ಅಂದರೆ ಸಭೆ, ವ್ಯಾಪಾರ, ಯಾತ್ರೆ, ಮದುವೆ ಎಲ್ಲದರಲ್ಲೂ ಅದೇ ಕೆಲವು ಮನೆಗಳು. ಹಾನ್ಸ್ ವಾಪಸು ಬಂದು ಯಾತ್ರೆಯ ಪುಸ್ತಕ ಬರೆದ, 1482ರಲ್ಲಿ ಅಚ್ಚಾಯಿತು. ಜೆರೂಸಲೇಮಿನ ಪವಿತ್ರ ಸಮಾಧಿಯ ಚರ್ಚನ್ನು ಆತ ತನ್ನೂರಿನ ಸೇಂಟ್ ಜೆಬಾಲ್ಡ್ ಚರ್ಚಿಗೆ ಹೋಲಿಸಿ ಅಳೆಯುತ್ತಾನೆ. ಅಷ್ಟು ದೂರ ಹೋದರೂ ಕಣ್ಣಲ್ಲಿ ಊರೇ.

ಹೊಗಳಿಕೆಯ ಪುಸ್ತಕಕ್ಕಿಂತ ಲೆಕ್ಕದ ಪುಸ್ತಕ ನಂಬಿ

ಟೂಖರ್ ಮನೆತನಕ್ಕೆ ಒಂದು ದೊಡ್ಡ ಚಿತ್ರಪುಸ್ತಕವಿದೆ. 1590ರಿಂದ 1596ರವರೆಗೆ ಚರ್ಮಪತ್ರದ ಮೇಲೆ ಬರೆಸಿದ್ದು. ಪೂರ್ವಿಕರೆಲ್ಲ ಬಣ್ಣಬಣ್ಣದ ದಿರಿಸಿನಲ್ಲಿ ಹೆಂಡತಿಯರ ಜೊತೆ ನಿಂತಿದ್ದಾರೆ. ನೋಡಲು ಕಣ್ಣಿಗೆ ಹಬ್ಬ. ಖರ್ಚು ಭರಿಸಿದ್ದು ಆ ಪಾದ್ರಿ ಲೊರೆಂಜನ ಹೆಸರಿನ ದತ್ತಿಯೇ. ಆದರೆ ನೆನಪಿಡಿ, ಇದು ಮನೆಯವರೇ ದುಡ್ಡು ಕೊಟ್ಟು ಮನೆಯವರನ್ನೇ ಹೊಗಳಿಸಿಕೊಂಡದ್ದು. ಇನ್ನೂರು ವರ್ಷ ಹಿಂದಿನ ಅಜ್ಜನ ಮುಖ ಚಿತ್ರಕಾರನಿಗೆ ಹೇಗೆ ಗೊತ್ತು?

ಇನ್ನೂ ಹುಷಾರಾಗಿರಬೇಕಾದ್ದು ಪಂದ್ಯದ ಕತೆಗಳ ಬಗ್ಗೆ. 1530ರಲ್ಲಿ ಗೇಯೊರ್ಗ್ ರ್‍ಯೂಕ್ಸ್‌ನರ್ ಎಂಬಾತ ಸರದಾರರ ಕಾಳಗ ಪಂದ್ಯಗಳ ಪುಸ್ತಕ ಅಚ್ಚು ಹಾಕಿಸಿದ. 938ರಿಂದಲೇ ಪಂದ್ಯ ನಡೆದವು, ಇಂಥಿಂಥ ಮನೆತನದವರು ಭಾಗವಹಿಸಿದ್ದರು ಎಂದು ಪಟ್ಟಿ ಕೊಟ್ಟ. ಹಳೆಯ ಪಂದ್ಯಗಳೆಲ್ಲ ಕಟ್ಟುಕತೆ. ಆದರೆ ತಮ್ಮ ಮೂಲ ಹಳೆಯದು ಎಂದು ತೋರಿಸಬೇಕಾಗಿದ್ದ ಮನೆತನಗಳಿಗೆ ಅದು ಹಬ್ಬವಾಯಿತು. 1748ರಲ್ಲಿ ಬೀಡರ್‌ಮಾನ್ ಎಂಬ ಪಾದ್ರಿ ನ್ಯೂರೆಂಬರ್ಗ್ ಮನೆತನಗಳ ವಂಶಾವಳಿಗಳ ದಪ್ಪ ಪುಸ್ತಕ ತಂದ. ಈಗಲೂ ಬೇಕಾಗುತ್ತದೆ, ಆದರೆ ಮೊದಲ ತಲೆಮಾರುಗಳನ್ನು ಪೆನ್ಸಿಲಿನಲ್ಲಿ ಮಾತ್ರ ಬರೆದುಕೊಳ್ಳಿ. ಟೂಖರ್‌ರ ವಿಷಯದಲ್ಲಿ ನೆಲ ಗಟ್ಟಿಯಾಗುವುದು 14ನೇ ಶತಮಾನದ ಆರಂಭದಿಂದ.

ನನಗೆ ಇಷ್ಟವಾದವು ಎರಡು ಒಣಒಣ ಪುಸ್ತಕಗಳು. ಒಂದು ಎಂಡ್ರೆಸ್ ಟೂಖರನದು. ಆತ ನಗರದ ಕಟ್ಟಡಗಳ ಉಸ್ತುವಾರಿಯಾಗಿದ್ದ. 1464ರಿಂದ 1475ರವರೆಗೆ ಕೆಲಸದ ವಿಚಾರ ಬರೆದಿಟ್ಟ. ಕಲ್ಲು ಎಲ್ಲಿಂದ, ಕೂಲಿ ಎಷ್ಟು, ಬೆಂಕಿ ಬಿದ್ದರೆ ಯಾರು ಓಡಬೇಕು, ಇಂಥವು. ಇನ್ನೊಂದು 2ನೇ ಆಂಟೋನ್ ಟೂಖರನ ಮನೆಖರ್ಚಿನ ಪುಸ್ತಕ, 1507ರಿಂದ 1517. ಆತ ಊರಿನ ಪ್ರಧಾನ ಲೋಸುಂಗರ್. ಅಂಥವನು ಮನೆಯ ಸಣ್ಣಪುಟ್ಟ ಖರ್ಚನ್ನು ಕೂತು ಬರೆಯುತ್ತಾನೆ! ಎರಡೂ 19ನೇ ಶತಮಾನದಲ್ಲೇ ಅಚ್ಚಾಗಿವೆ, ಹಾಗಾಗಿ ಕೈಬರಹದ ಜೊತೆ ಗುದ್ದಾಡಬೇಕಿಲ್ಲ. ಇಂಥ ಪುಸ್ತಕ ಯಾರನ್ನೂ ಮೆಚ್ಚಿಸಲು ಬರೆದದ್ದಲ್ಲ. ಅದಕ್ಕೇ ನಂಬಿಕೆಗೆ ಯೋಗ್ಯ.

ತೆರಿಗೆಯ ಪಟ್ಟಿಯಿಂದ ಅವರ ಆಸ್ತಿ ಲೆಕ್ಕ ಹಾಕೋಣ ಅಂದುಕೊಳ್ಳಬೇಡಿ, ನಾನು ಪ್ರಯತ್ನಿಸಿ ಸೋತೆ. ನ್ಯೂರೆಂಬರ್ಗಿನಲ್ಲಿ ಪ್ರಮಾಣ ಮಾಡಿ, ತನ್ನ ತೆರಿಗೆ ತಾನೇ ಲೆಕ್ಕ ಹಾಕಿ, ಯಾರಿಗೂ ಕಾಣದಂತೆ ಕಟ್ಟುವ ಪದ್ಧತಿ. ಉಯಿಲು, ದತ್ತಿ, ಮನೆ ಮಾರಾಟದ ಪತ್ರ, ಇವುಗಳಿಂದಲೇ ಅಂದಾಜು ಮಾಡಬೇಕು.

ಮೂಲ ಕೈಬರಹ ಓದುವವರಿಗೆ ಎರಡೇ ಮಾತು. ಹಳೇ ಜರ್ಮನ್ ಕೈಬರಹದಲ್ಲಿ ಇ ಅಕ್ಷರ ಎನ್ ಥರ ಕಾಣುತ್ತೆ, ಉದ್ದ ಎಸ್ ಎಫ್ ಥರ ಕಾಣುತ್ತೆ. ಒಂದು ತಿಂಗಳು ನೀವೇ ಆ ಅಕ್ಷರ ತಿದ್ದಿ, ಕೈಗೆ ಬಂದರೆ ಕಣ್ಣಿಗೂ ಬರುತ್ತೆ. ಇನ್ನು ತಾರೀಖು. ಅವರು "ಲೊರೆಂಜ್ ಹಬ್ಬದ ನಂತರದ ಶುಕ್ರವಾರ" ಎಂದು ಬರೆಯುತ್ತಾರೆ. ಲೊರೆಂಜ್ ಹಬ್ಬ ಆಗಸ್ಟ್ 10. 1499ಕ್ಕೆ ಒಮ್ಮೆ ಲೆಕ್ಕ ಹಾಕಿ ನೋಡಿದೆ. ಕಂಪ್ಯೂಟರಿನ ಕ್ಯಾಲೆಂಡರ್ ಆಗಸ್ಟ್ 10 ಗುರುವಾರ ಅಂದಿತು, ನಾನು 11 ಅಂತ ಬರೆದುಕೊಂಡೆ. ತಪ್ಪು. ಆಗ ಇದ್ದದ್ದು ಹಳೇ ಜೂಲಿಯನ್ ಕ್ಯಾಲೆಂಡರ್. ಅದರಲ್ಲಿ ಆ ದಿನ ಶನಿವಾರ, ಮುಂದಿನ ಶುಕ್ರವಾರ 16. ನ್ಯೂರೆಂಬರ್ಗ್ ಪ್ರೊಟೆಸ್ಟೆಂಟ್ ಊರು, ಪೋಪ್ ತಂದ ಹೊಸ ಕ್ಯಾಲೆಂಡರಿಗೆ ಬಂದದ್ದು 1700ರಲ್ಲಿ. ಅಲ್ಲಿಯವರೆಗಿನ ಪ್ರತಿ ತಾರೀಖಿನ ವಾರವನ್ನೂ ಹೀಗೇ ನೋಡಬೇಕು.

ನಡೆದು ಓದಿ

ಈಗ ಕಾಲಿಗೆ ಕೆಲಸ. ಒಂದು ಬೈನಾಕ್ಯುಲರ್ ಇಟ್ಟುಕೊಳ್ಳಿ, ನಗಬೇಡಿ, ಬೇಕಾಗುತ್ತದೆ. ಹಿರ್ಷೆಲ್‌ಗಾಸೆಯ ಬಂಗಲೆಯಿಂದ ಹೊರಡಿ. 1533ರಿಂದ 1544ರ ನಡುವೆ ಕಟ್ಟಿದ್ದು, ಎರಡನೇ ಮಹಾಯುದ್ಧದ ಬಾಂಬಿಗೆ ಬಿದ್ದು ಮತ್ತೆ ಎದ್ದದ್ದು, ಈಗ ಮ್ಯೂಸಿಯಂ. ಅಲ್ಲಿ ಮೊದಲು ಲಾಂಛನ ಕಣ್ಣಿಗೆ ಕೂರಿಸಿಕೊಳ್ಳಿ. ಮೇಲರ್ಧ ಕಪ್ಪು ಬಿಳಿ ಓರೆ ಪಟ್ಟೆ, ಕೆಳಗೆ ಚಿನ್ನದ ಬಣ್ಣದ ಮೇಲೆ ಕಪ್ಪು ಮನುಷ್ಯನ ತಲೆ. ಬಿಯರ್ ಬಾಟಲಿಯ ಮೇಲೆ ನೋಡಿರುತ್ತೀರಿ. ಆ ಬ್ರೂವರಿ ಶುರುವಾದದ್ದು 1672ರಲ್ಲಿ, ನಗರದ ಗೋಧಿ ಬಿಯರ್ ಕಾರ್ಖಾನೆಯಾಗಿ. ಟೂಖರ್‌ರು ಕೊಂಡದ್ದು 1855ರಲ್ಲಿ. ಬಾಟಲಿ ಮೇಲಿನ 1672 ನೋಡಿ ಮನೆತನಕ್ಕೆ ಅಂಟಿಸಬೇಡಿ.

ಅಲ್ಲಿಂದ ಸೇಂಟ್ ಜೆಬಾಲ್ಡ್ ಚರ್ಚು. 1513ರಲ್ಲಿ ಹಾನ್ಸ್ ಫೋನ್ ಕುಲ್ಮ್‌ಬಾಖ್ ಬರೆದ ಚಿತ್ರದಲ್ಲಿ ಪಾದ್ರಿ ಲೊರೆಂಜ್ ಮಂಡಿಯೂರಿದ್ದಾನೆ. ತಲೆ ಎತ್ತಿ ಗೋಡೆ ನೋಡಿ. ಮೇಲೆ ತೂಗುಹಾಕಿದ ಫಲಕಗಳಿಗೆ ಸಾವಿನ ಗುರಾಣಿ ಎನ್ನುತ್ತಾರೆ. ಮನೆಯ ಗಂಡಸು ಸತ್ತರೆ ಲಾಂಛನ, ಹೆಸರು, ಸತ್ತ ದಿನ ಬರೆಸಿ ಹಾಕುತ್ತಿದ್ದರು. ಬೈನಾಕ್ಯುಲರ್ ಇದಕ್ಕೇ. ಹೆಂಗಸರಿಗೆ ಗುರಾಣಿ ಇಲ್ಲ.

ಆಮೇಲೆ ಮಾರುಕಟ್ಟೆ ಚೌಕ. ಇಲ್ಲಿ ಬೇಗ ದಾಟಿ ಹೋಗಬೇಡಿ. 1348ರಲ್ಲಿ ಕಸುಬುದಾರರು ದಂಗೆ ಎದ್ದು ಹಳೇ ಸಭೆಯನ್ನು ಉರುಳಿಸಿದ್ದರು. ಮರುವರ್ಷ ರಾಜ 4ನೇ ಕಾರ್ಲ್ ಹಳಬರನ್ನು ಮತ್ತೆ ಕೂರಿಸಿದ. ಕಸುಬುಗಳ ಸಂಘಕ್ಕೆ ನಿಷೇಧ ಬಂತು. ಆಗ ಈ ಜಾಗ ಯಹೂದಿಗಳ ಕೇರಿ. ಉಲ್ರಿಕ್ ಶ್ಟ್ರೋಮರ್ ಎಂಬ ಪ್ಯಾಟ್ರಿಶಿಯನ್ ರಾಜನಿಂದ ಕೇರಿ ಕೆಡವಿ ಚೌಕ ಮಾಡಲು ಅಪ್ಪಣೆ ತಂದ. 1349ರ ಡಿಸೆಂಬರ್ 5ರಂದು ಕನಿಷ್ಠ 562 ಯಹೂದಿಗಳನ್ನು ಕೊಂದರು. ಅವರ ಪ್ರಾರ್ಥನಾ ಮಂದಿರ ಸಿನಗಾಗ್ ಇದ್ದಲ್ಲಿ ಫ್ರೌಎನ್‌ಕಿರ್ಕೆ ಚರ್ಚು ಎದ್ದಿತು. ಅದರೊಳಗೆ ಇವತ್ತು ಟೂಖರ್ ಹೆಸರಿನ ಪೂಜಾಪೀಠದ ಚಿತ್ರಗಳಿವೆ. 15ನೇ ಶತಮಾನದ ಮಧ್ಯದ್ದು, ಬೇರೆ ಚರ್ಚಿಗೆ ಮಾಡಿಸಿದ್ದು, ಆಮೇಲೆ ಇಲ್ಲಿಗೆ ಬಂತು. ನಾನು ಮೊದಲ ಸಲ ಬರೀ ಆ ಚಿತ್ರ ನೋಡಿ, ಪುಸ್ತಕದಲ್ಲಿ "ಅದ್ಭುತ" ಅಂತ ಬರೆದು ಬಂದಿದ್ದೆ. ಎರಡನೇ ಸಲ ಆ ಪದ ಹೊಡೆದುಹಾಕದೆ ಕೆಳಗೆ 562 ಅಂತ ಬರೆದೆ.

ಅದಕ್ಕೇ ಪ್ರತಿ ವರ್ಷಕ್ಕೂ ಎದುರು ಪುಟ ಖಾಲಿ ಬಿಡಿ. ಆ ವರ್ಷ ಊರಲ್ಲಿ ಬೇರೆ ಏನಾಯಿತು ಅಂತ ಬರೆಯಲು. 1499 ನನಗೆ ಎಲ್ಸ್‌ಬೆಟ್ ವರ್ಷ. ಎದುರು ಪುಟದಲ್ಲಿ: ಹಿಂದಿನ ವರ್ಷ ರಾಜ ಮ್ಯಾಕ್ಸಿಮಿಲಿಯನ್ ಒಪ್ಪಿಗೆ ಕೊಟ್ಟ, ನಗರಸಭೆ ಈ ವರ್ಷ ಉಳಿದ ಯಹೂದಿಗಳನ್ನೂ ಊರಿನಿಂದ ಹೊರಹಾಕಿತು. ಚಿತ್ರ ಬರೆಸಿದವರೂ ಸಭೆಯಲ್ಲಿ ಕೂತವರೂ ಅದೇ ಮನೆಗಳವರು.

ಪೆಗ್ನಿಟ್ಸ್ ಹೊಳೆ ದಾಟಿದರೆ ಸೇಂಟ್ ಲೊರೆಂಜ್ ಚರ್ಚು. ಮೇಲಿನಿಂದ ತೂಗುವ ಮರದ ದೊಡ್ಡ ಕೆತ್ತನೆ ಕಾಣುತ್ತದೆ. ದೇವದೂತ ಬಂದು ಮೇರಿಗೆ ಸುದ್ದಿ ಹೇಳುವ ದೃಶ್ಯ. ಕೆತ್ತಿದವನು ಫೈಟ್ ಶ್ಟೋಸ್, 1517-18ರಲ್ಲಿ. ಮಾಡಿಸಿದವನು ನಮ್ಮ ಲೆಕ್ಕಪುಸ್ತಕದ ಆಂಟೋನ್. ಇನ್ನು ಏಳೇ ವರ್ಷಕ್ಕೆ, 1525ರಲ್ಲಿ, ನಗರ ಪ್ರೊಟೆಸ್ಟೆಂಟ್ ಆಯಿತು. ಮೇರಿಯ ಮೂರ್ತಿ ಇನ್ನು ಬೇಡ. ಬೇರೆ ಊರುಗಳಲ್ಲಿ ಇಂಥವನ್ನು ಒಡೆದು ಸುಟ್ಟರು. ಇಲ್ಲಿ ಬಟ್ಟೆ ಮುಚ್ಚಿ ಬಿಟ್ಟರು. ಯಾಕೆ? ಕೊಟ್ಟ ಮನೆತನಕ್ಕೆ ಅದರ ಮೇಲೆ ಹಕ್ಕಿತ್ತು, ಆ ಮನೆತನ ಸಭೆಯಲ್ಲೂ ಕೂತಿತ್ತು. 1817ರಲ್ಲಿ ಅದು ಕೆಳಗೆ ಬಿದ್ದು ಚೂರಾಯಿತು, ಆಮೇಲೆ ಜೋಡಿಸಿದರು. ದುಡ್ಡು ಯಾರದ್ದು ಅನ್ನುವ ಪ್ರಶ್ನೆಗೆ ಇಷ್ಟು ಚೆನ್ನಾಗಿ ಉತ್ತರ ಕೊಡುವ ವಸ್ತು ನಾನು ಇನ್ನೊಂದು ನೋಡಿಲ್ಲ.

ಹೊತ್ತಿದ್ದರೆ ಯೊಹಾನಿಸ್ ಸ್ಮಶಾನಕ್ಕೂ ಹೋಗಿ. ಎಲ್ಲ ಗೋರಿಯ ಕಲ್ಲೂ ಒಂದೇ ಥರ ಮಲಗಿವೆ, ಬೇರೆಯಾಗಿರುವುದು ಕಂಚಿನ ಫಲಕ ಮಾತ್ರ. ಡ್ಯೂರರ್ ಅಲ್ಲಿದ್ದಾನೆ. ಲಾಂಛನ ಗುರುತಿಸುವ ಅಭ್ಯಾಸಕ್ಕೆ ಅದಕ್ಕಿಂತ ಒಳ್ಳೇ ಜಾಗ ಇಲ್ಲ.

ನನ್ನ ನೋಟ್‌ಬುಕ್ ತುಂಬಿತು. ಟೂಖರ್‌ರ ಕೊನೆಯ ಪುಟ ಮರಿ ಫೋನ್ ಟೂಖರ್‌ಳದ್ದು. 1811ರಲ್ಲಿ ಆಕೆ ಮದುವೆಯಾದದ್ದು ಆ ಊರಿನ ಹೈಸ್ಕೂಲಿನ ಮುಖ್ಯೋಪಾಧ್ಯಾಯರನ್ನು. ಆತನ ಹೆಸರು ಹೆಗೆಲ್, ತತ್ವಜ್ಞಾನಿ ಹೆಗೆಲ್ಲೇ. ಮೊನ್ನೆ ಹೊಸ ನೋಟ್‌ಬುಕ್ ತಂದೆ. ಮೊದಲ ಪುಟದ ಮೇಲ್ಗಡೆ ಫೆಲಿಸಿಟಾಸ್ ಅಂತ ಬರೆದು, ತವರು ಅನ್ನುವ ಕಡೆ ರೀಟರ್ ಅಂತ ಬರೆದಿದ್ದೇನೆ. ಆ ಮನೆತನ 1753ಕ್ಕೆ ನಿಂತುಹೋಯಿತು. ಎದುರು ಪುಟ ಖಾಲಿ ಬಿಟ್ಟಿದ್ದೇನೆ.